ಬಿಸಿಲು ಇಳಿಯಲೆಂದು ಕಾದವರು

ಜೀಪಿನ ಕಿಟಕಿಯಿಂದ ಕೆಳಗೆ ನೋಡಿದೆ. ನೆಲವೇ ಇರಲಿಲ್ಲ. ಎಲ್ಲೋ ಪಾತಾಳದಲ್ಲಿ ನದಿಯೊಂದು ಬಿಳಿ ದಾರದ ಹಾಗೆ ಬಿದ್ದಿತ್ತು. ಡ್ರೈವರ್ ಒಂದೇ ಕೈಯಲ್ಲಿ ಸ್ಟೇರಿಂಗ್ ಹಿಡಿದು ಹಾಡುತ್ತಿದ್ದ. ನಾನು ಕಣ್ಣು ಮುಚ್ಚಿ ಊರಿನ ದೈವಗಳನ್ನೆಲ್ಲ ಒಂದೊಂದಾಗಿ ನೆನೆದೆ.

ಹನ್ನೊಂದು ವರ್ಷದಿಂದ ಕುವೈತ್‌ನಲ್ಲಿರುವವನು ನಾನು. ಅಲ್ಲಿ ನೆಲವೆಂದರೆ ತಟ್ಟಿದ ರೊಟ್ಟಿಯಷ್ಟು ಸಪಾಟು. ಏರು ಎಂದರೆ ಅಬ್ಬಾಸಿಯಾದ ನಮ್ಮ ಕಟ್ಟಡದ ಲಿಫ್ಟು ಕೆಟ್ಟ ದಿನ ಹತ್ತುವ ಮೂರು ಮಹಡಿ, ಅಷ್ಟೆ. ನನ್ನ ಕೋಣೆಯಲ್ಲೇ ಇರುವ ದೀವಾನ್ ಸಿಂಗ್ ಗಢವಾಲದ ಬೆಟ್ಟದವನು. ಇಬ್ಬರೂ ಒಂದೇ ಸೈಟಿನಲ್ಲಿ ಪೈಪು ಜೋಡಿಸುವವರು. "ನಮ್ಮೂರಿನ ದಾರೀಲಿ ಕಣ್ಣು ಕಟ್ಟಿದ್ರೂ ಓಡ್ತೀನಿ ಭಾಯಿ" ಎಂದು ಅವನು ಕೊಚ್ಚಿಕೊಳ್ಳದ ಶುಕ್ರವಾರವಿರಲಿಲ್ಲ. ಈ ಸಲ ರಜೆ ಒಟ್ಟಿಗೇ ಸಿಕ್ಕಿತು. ನಾಲ್ಕು ದಿನ ನಮ್ಮೂರು ನೋಡಿಕೊಂಡು ಹೋಗು ಎಂದ. ಹೊರಟುಬಿಟ್ಟೆ. ನನಗಾದರೂ ಬುದ್ಧಿ ಬೇಡವೇ!

ರಸ್ತೆ ಒಂದು ಚಹಾದಂಗಡಿಯೆದುರು ಮುಗಿಯಿತು. ಮಧ್ಯಾಹ್ನ ಹನ್ನೆರಡು. ಅಲ್ಲಿಂದ ಊರಿಗೆ ನಾಲ್ಕು ಗಂಟೆಯ ನಡಿಗೆ. ದೀವಾನ್ ಹೆಂಡತಿಗೆ ಫೋನ್ ಮಾಡಿ ತಿಳಿಸಿದ. ಆಮೇಲೆ ನಾವೇನು ಮಾಡಿದೆವು ಗೊತ್ತೇ? ಬೆಂಚಿನ ಮೇಲೆ ಮಲಗಿದೆವು! ಕುವೈತ್‌ನ ಬೇಸಿಗೆಯಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಹೊರಗಿನ ಕೆಲಸ ನಿಷಿದ್ಧ. ಬಿಸಿಲು ಕಂಡರೆ ನೆರಳು ಹುಡುಕುವುದು ನಮ್ಮ ಮೈಗೇ ಹತ್ತಿಬಿಟ್ಟಿದೆ. "ಬಿಸಿಲು ಇಳಿಯಲಿ" ಎಂದೆ ನಾನು. "ಹೌದು, ಇಳೀಲಿ" ಎಂದ ಅವನು. ಅದು ಮೈ ಕಾಯಿಸಿಕೊಳ್ಳುವಂಥ ಹಿತವಾದ ಬಿಸಿಲೆಂದು ಇಬ್ಬರಿಗೂ ಹೊಳೆಯಲಿಲ್ಲ. ನಾಲ್ಕಕ್ಕೆ "ಯಲ್ಲಾ, ಹೊರಡೋಣ" ಎಂದು ಎದ್ದೆವು.

ಅರ್ಧ ದಾರಿಯಲ್ಲೇ ಸೂರ್ಯ ಬೆಟ್ಟದ ಹಿಂದೆ ಹೋದ. ಮುಂದೆ ಮಳೆಗಾಲದಲ್ಲಿ ಜರಿದ ಗುಡ್ಡ. ಅದರ ಮೇಲೆ ಒಂದು ಹೆಜ್ಜೆಯಷ್ಟೇ ಅಗಲದ ದಾರಿ. ಕಾಲಿಟ್ಟರೆ ಕಲ್ಲು ಜಾರುತ್ತಿತ್ತು, ಕೆಳಗೆ ಬಿದ್ದ ಸದ್ದು ಮಾತ್ರ ಬರುತ್ತಿರಲಿಲ್ಲ. ಇಲ್ಲಿ ಬಿದ್ದರೆ ಮನೆಯವರಿಗೆ ಹೆಣವೂ ಸಿಗದು ಎನಿಸಿತು.

"ನೀನು ಮುಂದೆ ನಡಿ ದೀವಾನ್, ನಿನ್ನದೇ ದಾರಿಯಲ್ವಾ?"

ಅವನು ಅಲುಗಲಿಲ್ಲ. "ಭಾಯಿ, ಕಾಲು ಬರ್ತಾ ಇಲ್ಲ" ಎಂದ.

ಆಗ ನಾನು ನಿಜವಾಗಿ ಹೆದರಿದೆ. ಯಾರನ್ನು ನಂಬಿ ಬಂದೆನೋ ಅವನೇ ನಡುಗಿದರೆ ಯಾರ ಕೈ ಹಿಡಿಯುವುದು? ಇಬ್ಬರೂ ಬಂಡೆಗೊರಗಿ ಕುಳಿತೆವು.

ಕತ್ತಲು ಕವಿಯುವಾಗ ಆಚೆಯಿಂದ ಟಾರ್ಚಿನ ಬೆಳಕು ಬಂತು. ದೀವಾನನ ಹೆಂಡತಿ ಕಮಲಾ ನಮ್ಮನ್ನು ಹುಡುಕಿಕೊಂಡು ಬಂದಿದ್ದಳು. ಹವಾಯಿ ಚಪ್ಪಲಿಯಲ್ಲಿ ಸರಸರನೆ ದಾಟಿಯೇ ಬಿಟ್ಟಳು.

"ಹನ್ನೆರಡಕ್ಕೇ ಬಂದವರು ಇಷ್ಟು ಹೊತ್ತು ಏನ್ ಮಾಡ್ತಿದ್ರಿ?"

"ಬಿಸಿಲಿತ್ತು" ಎಂದ ದೀವಾನ್, ಮೆಲ್ಲಗೆ.

ಅವಳು ಗಂಡನ ಮುಖವನ್ನೇ ನೋಡಿದಳು. ಬೈಯಲಿಲ್ಲ. ಅತಿಥಿಯೆಂದು ಮೊದಲು ನನ್ನ ಕೈ ಹಿಡಿದಳು. "ಕೆಳಗೆ ನೋಡ್ಬೇಡಿ ಭಾಯಿಜಿ, ನನ್ನ ಹಿಮ್ಮಡಿ ನೋಡಿ." ನನ್ನನ್ನು ದಾಟಿಸಿ ಮತ್ತೆ ಗಂಡನಿಗಾಗಿ ಹಿಂದೆ ಹೋದಳು. ಅವಳ ಕೈ ಹಿಡಿದು ಬರುವಾಗ ಅವನು ಅಳುತ್ತಿದ್ದ. ನಾನು ಬೇರೆ ಕಡೆ ನೋಡಿದೆ.

ಮರುದಿನ ಬೆಳಿಗ್ಗೆ ಆ ಬೆಟ್ಟದಿಂದಲೇ ನನ್ನ ಹೆಂಡತಿಗೆ ಫೋನ್ ಮಾಡಿದೆ. ಉಳಿದ ರಜೆ ನಮ್ಮೂರಲ್ಲಿ. ಅಲ್ಲಿ ಮನೆಯೆದುರಿನ ತೋಡು ದಾಟಲು ಎರಡು ದಿಮ್ಮಿಯ ಕಾಲುಸಂಕ. ಹಿಂದಿನ ರಜೆಗಳೆಲ್ಲ ಬೇಸಿಗೆಯಲ್ಲಿ. ಬತ್ತಿದ ತೋಡಿನೊಳಗೇ ಇಳಿದು ಹೋಗುತ್ತಿದ್ದೆ. ಈಗ ತೋಡಿನ ತುಂಬ ನೀರು.

"ಸಂಕಕ್ಕೆ ಹಿಡ್ಕೊಳ್ಳಲಿಕ್ಕೆ ಹಗ್ಗ ಉಂಟಾ?" ಎಂದು ಕೇಳಿದೆ.

ಅವಳು ನಕ್ಕಳು. "ನಿಮಗೆ ಎಂತ ಆಗಿದೆ ಮಾರಾಯ್ರೆ? ಆ ಸಂಕದ ಮೇಲೆ ಓಡಿ ಬೆಳೆದವರಲ್ವಾ ನೀವು?"

ನನಗೆ ನಗು ಬರಲಿಲ್ಲ. "ನಾನು ಬರುವ ದಿನ ಸಂಕ ದಾಟಿ ರಸ್ತೆಯ ಬದಿಗೆ ಬಂದು ನಿಂತಿರು" ಎಂದೆ.