ನಿನ್ನ ಹೆಸರಿನ ಟ್ಯೂಬಿನಲ್ಲಿದ್ದ ನನ್ನ ರಕ್ತ

ಮುಬೀನಾ, ಆ ಟ್ಯೂಬಿನ ಮೇಲೆ ನಿನ್ನ ಹೆಸರಿತ್ತು. ಒಳಗಿದ್ದದ್ದು ನನ್ನ ರಕ್ತ. ನಿನ್ನ ಎರಡನೆಯ ಕಣ್ಣು ಹೋದದ್ದು ನನ್ನಿಂದ.

ನಿನಗಾಗ ಎರಡು ವರ್ಷ. ಗಡ್ಡೆ ಬೆಳೆದಿದ್ದ ಒಂದು ಕಣ್ಣನ್ನು ಆಗಲೇ ತೆಗೆದಿದ್ದರು. ನಾನು ಸಂಶೋಧನಾ ವಿದ್ಯಾರ್ಥಿನಿ—ಬಿಳಿ ಕೋಟು ಹಾಕಿದ್ದೇ ತಡ, ನೆಲ ಕಾಣದಷ್ಟು ಜಂಬ. ಇಂಥ ಗಡ್ಡೆಗಳಲ್ಲಿ ಹದಿಮೂರನೆಯ ಕ್ರೋಮೋಸೋಮಿನ ಒಂದು ಚೂರು ಕೆಲವೊಮ್ಮೆ ಕಳೆದುಹೋಗಿರುತ್ತದೆ. ಗಡ್ಡೆಯನ್ನು ತಡೆಯುವ ಜೀನು ಹಿಂದೆ ಪತ್ತೆಯಾದದ್ದೂ ಹಾಗೆಯೇ—ಹಲವರಲ್ಲಿ ಕಳೆದ ಚೂರುಗಳನ್ನು ಪಕ್ಕಪಕ್ಕ ಇಟ್ಟು, ಎಲ್ಲರಲ್ಲೂ ಇಲ್ಲದ ಜಾಗ ಯಾವುದೆಂದು ನೋಡಿ. ಅದರ ಆಸುಪಾಸಿನಲ್ಲಿ ಅಂಥದೇ ಇನ್ನೊಂದು ಇದೆಯೇ ಎಂದು ನಾವು ಹುಡುಕುತ್ತಿದ್ದೆವು. ಆ ಚೂರು ಗಡ್ಡೆಯಲ್ಲಷ್ಟೇ ಇಲ್ಲದಿದ್ದರೆ ಒಂದು ಮಾತು. ರಕ್ತದಲ್ಲೂ ಇಲ್ಲದಿದ್ದರೆ, ಮಗು ಹುಟ್ಟಿದ್ದೇ ಆ ಕೊರತೆಯೊಂದಿಗೆ—ಉಳಿದ ಕಣ್ಣಿಗೂ ಅಪಾಯ.

ಗುಂಡ್ಲುಪೇಟೆಯ ನಿಮ್ಮ ಮನೆಯಲ್ಲಿ, ನಿಮ್ಮಪ್ಪ ಹಾಸಿಗೆಗೆ ತುಂಬುವ ಹತ್ತಿಯ ರಾಶಿಯ ಪಕ್ಕ ಕೂತು ರಕ್ತ ತೆಗೆದೆ. ನೀನು ಕಿರುಚಿದೆ.

"ಇನ್ನೊಂದ್ಸಲ ಚುಚ್ಚಾಕಿಲ್ಲ ತಾನೆ ಮೇಡಂ?" ನಿಮ್ಮಮ್ಮ ಕೇಳಿದರು. ಇಲ್ಲ ಎಂದೆ.

ನೆಟ್ಟಗೆ ಲ್ಯಾಬಿಗೆ ಹೋಗಬೇಕಿತ್ತು. ಗೆಳತಿಯರು ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಕರೆದರು—ಹೋದೆ. ಬುಡದಲ್ಲಿ, ಬಿಸಿಲಲ್ಲಿ ಕಾರು ನಿಲ್ಲಿಸಿ, ನಿನ್ನ ರಕ್ತವನ್ನು ಅದರೊಳಗೇ ಬಿಟ್ಟು, ಸರ್ಕಾರಿ ಬಸ್ಸಿನಲ್ಲಿ ಮೇಲೆ ಹೋಗಿ ಫೋಟೊ ತೆಗೆಸಿಕೊಂಡೆ. ಮೇಲೆ ಗಾಳಿ ತಣ್ಣಗಿತ್ತು.

ಲ್ಯಾಬಿನಲ್ಲಿ ಜೀವಕೋಶಗಳು ಬೆಳೆಯಲೇ ಇಲ್ಲ, ಕಾರಿನಲ್ಲೇ ಬೆಂದುಹೋಗಿದ್ದವು. ನನ್ನ ಸಂಶೋಧನೆಯ ಗೈಡಿಗೆ ಹೇಳಲು ಮಾನ ಅಡ್ಡ ಬಂತು—ಎಂಥ ಮಾನವೋ! ನನ್ನ ತೋಳಿಗೇ ಸೂಜಿ ಚುಚ್ಚಿಕೊಂಡು, ಟ್ಯೂಬಿನ ಮೇಲೆ ನಿನ್ನ ಹೆಸರು ಬರೆದೆ. ನೀನೂ ಹೆಣ್ಣು, ನಾನೂ ಹೆಣ್ಣು—ಮೈಕ್ರೋಸ್ಕೋಪಿನಲ್ಲಿ ಕ್ರೋಮೋಸೋಮು ನೋಡಿದವರಿಗೆ ಅನುಮಾನ ಬರಲಿಲ್ಲ. ಗೈಡು ಬೆನ್ನು ತಟ್ಟಿದರು. ಆ ಮಹಾನುಭಾವರು ಯಾವತ್ತೂ ಒಂದು ಟ್ಯೂಬು ಮುಟ್ಟಿದವರಲ್ಲ.

ನಿಮ್ಮಮ್ಮನಿಗೆ ನಾನೇ ಫೋನ್ ಮಾಡಿದೆ: "ರಕ್ತ ಸರಿಯಾಗಿದೆ. ಇನ್ನೊಂದು ಕಣ್ಣಿಗೆ ಭಯ ಇಲ್ಲಮ್ಮ."

"ನಿಮ್ ಒಟ್ಟೆ ತಣ್ಣಗಿರ್ಲಿ ಕಣಮ್ಮಾ," ಎಂದು ಅತ್ತರು. ಆಮೇಲೆ ನಿನ್ನನ್ನು ಮೈಸೂರಿನ ಆಸ್ಪತ್ರೆಗೆ ತೋರಿಸಲು ಕರೆತರುವುದನ್ನು ನಿಲ್ಲಿಸಿದರು. ಮತ್ತೆ ತಂದಾಗ ಗಡ್ಡೆ ಆ ಕಣ್ಣನ್ನೂ ತುಂಬಿತ್ತು. ಬೇರೆ ಲ್ಯಾಬಿನವರು ನಿನ್ನದೇ ರಕ್ತ ನೋಡಿದರು, ಕ್ರೋಮೋಸೋಮಿನ ಆ ಚೂರು ಅದರಲ್ಲಿ ಇರಲಿಲ್ಲ. "ಎಲ್ಲೋ ಅದಲುಬದಲಾಗಿರಬೇಕು," ಎಂದು ಗೈಡು ಫೈಲು ಮುಚ್ಚಿದರು. ನಿಮ್ಮಮ್ಮನಿಗೆ ಯಾರೂ ಏನೂ ಹೇಳಲಿಲ್ಲ.

ಅವರು ಆಸ್ಪತ್ರೆಯ ಬೆಂಚಿನ ಮೇಲೆ ಎದೆ ಬಡಿದುಕೊಳ್ಳುತ್ತಿದ್ದರು. "ಕರ್ಕೊಂಡ್ ಬರ್ದೆ ಬುಟ್ಬುಟ್ಟೆ... ನನ್ ಮಗಿನ್ ಕಣ್ಣ ನಾನೇ ಕಳುದ್ಬುಟ್ಟೆ..." ನಾನು ಪಕ್ಕದಲ್ಲೇ ಕೂತಿದ್ದೆ. ನೀರಿನ ಬಾಟಲಿ ಕೊಟ್ಟೆ. ಅಷ್ಟೇ ಕೊಟ್ಟೆ.

ಈಗ ಚಾಮರಾಜನಗರದಲ್ಲಿ ಲೆಕ್ಚರರ್ ಆಗಿದ್ದೇನೆ. ಸಂಶೋಧನೆಯಲ್ಲಿ ಪ್ರಾಮಾಣಿಕತೆ ಎಂಬ ಪಾಠವನ್ನು ನನಗೇ ಕೊಟ್ಟಿದ್ದಾರೆ—ನಾಚಿಕೆಯಿಲ್ಲದೆ ಮಾಡುತ್ತೇನೆ. ನಿಮ್ಮಮ್ಮ ಇವತ್ತಿಗೂ ತಪ್ಪು ತನ್ನದೇ ಎಂದು ನಂಬಿದ್ದಾರಂತೆ.

ಇದನ್ನು ಅಂಚೆಗೆ ಹಾಕಿ ಕೈ ತೊಳೆದುಕೊಳ್ಳೋಣ ಎಂದಿದ್ದೆ. ಬರೆದು ಮುಗಿಸುವಾಗ ಹೊಳೆಯಿತು—ನೀನು ಓದಲಾರೆ. ಯಾರೋ ಮೂರನೆಯವರು ಓದಿ ಹೇಳಬೇಕು. ಹೇಡಿತನಕ್ಕೂ ಒಂದು ಮಿತಿ ಬೇಡವೇ? ಭಾನುವಾರ ಗುಂಡ್ಲುಪೇಟೆಯ ಬಸ್ಸು ಹತ್ತುತ್ತೇನೆ. ನಿಮ್ಮಮ್ಮನೂ ಪಕ್ಕದಲ್ಲಿರಲಿ. ನಾನೇ ಓದುತ್ತೇನೆ, ಮೊದಲನೆಯ ಸಾಲಿನಿಂದ.