ಮೂಗಿರುವ ಬಾತುಕೋಳಿಗಳು

ಬ್ಯಾಂಕಿನವರು ನನ್ನ ಗಂಡನನ್ನು ಮೊದಲು ವಿಜಯವಾಡಕ್ಕೂ ಆಮೇಲೆ ವಿಶಾಖಪಟ್ಟಣಕ್ಕೂ ವರ್ಗ ಮಾಡಿದರು. 2016ರಲ್ಲಿ ನಾನು ಎಂವಿಪಿ ಕಾಲೋನಿಯ ಒಂದು ಶಾಲೆಯಲ್ಲಿ ಎಂಟನೇ ತರಗತಿಗೆ ಗಣಿತ ಕಲಿಸುತ್ತಿದ್ದೆ. ಆ ವರ್ಷ ತಪಾಸಣೆಗೆ ಅಧಿಕಾರಿಯೊಬ್ಬರು ಬರುವವರಿದ್ದರು. ಗಣಿತದಲ್ಲೂ ಕಣ್ಣಿಗೆ ಕಾಣುವಂಥದ್ದು ಏನಾದರೂ ಇರಲಿ ಎಂದು ಪ್ರಿನ್ಸಿಪಾಲರು ಹೇಳಿದರು.

ನಾನು ಟೆಸಲೇಶನ್ ಆರಿಸಿಕೊಂಡೆ. ಒಂದೇ ಆಕಾರವನ್ನು ಸಂದಿಯಿಲ್ಲದೆ, ಒಂದರ ಮೇಲೊಂದು ಏರದಂತೆ ಗೋಡೆ ತುಂಬ ಜೋಡಿಸುವುದು. ಚಿತ್ರಕಲೆಯ ಮೇಷ್ಟ್ರು ಬಣ್ಣ ಕೊಡಲು ಒಪ್ಪಿದರು. ಗಣಿತದವರು ಚಿತ್ರಕಲೆಯ ಪೀರಿಯಡ್ಡನ್ನು ಪರೀಕ್ಷೆಗೆ ಕಿತ್ತುಕೊಳ್ಳುವುದೇ ರೂಢಿಯಾಗಿದ್ದರಿಂದ ಅವರಿಗೆ ಮೊದಲು ನನ್ನ ಮೇಲೆ ಅನುಮಾನವಿತ್ತು.

ಚೌಕದ ರಟ್ಟಿನ ಎಡಬದಿಯಿಂದ ಏನನ್ನಾದರೂ ಕತ್ತರಿಸಿ, ಆ ತುಂಡನ್ನು ನೇರ ಸರಿಸಿ ಬಲಬದಿಗೆ ಅಂಟಿಸಿ ಎಂದು ಮಕ್ಕಳಿಗೆ ಹೇಳಿದೆ. ಅಲ್ಲಿ ಹೋದದ್ದು ಇಲ್ಲಿ ಬಂತು, ಆದ್ದರಿಂದ ಪಕ್ಕದ್ದು ಕೂತೇ ಕೂರುತ್ತದೆ. ಬಂದರಿನಲ್ಲಿ ಕೆಲಸ ಮಾಡುವವರ ಮಕ್ಕಳು ಹಡಗು ಮಾಡಲು ಹೋಗಿ ನಿಯಮ ಮರೆತರು. ಹಡಗುಗಳ ನಡುವೆ ಸಮುದ್ರದಷ್ಟು ಸಂದಿ ಉಳಿಯಿತು. ಉಳಿದವರ ಮೀನು, ಎಲೆಗಳದ್ದೂ ಅದೇ ಗತಿ.

ಸರಿಯಾಗಿ ಕೂತದ್ದು ಒಬ್ಬ ಹುಡುಗಿಯದು ಮಾತ್ರ. ಅವಳ ತಾಯಿ ಬಳ್ಳಾರಿಯವರು, ತಂದೆ ಇಲ್ಲಿಯವರೇ. ಕನ್ನಡ ಮನೆಯಲ್ಲಿ ಮಾತ್ರ. ನನ್ನ ಹತ್ತಿರವೂ ಧೈರ್ಯ ಬಂದಾಗ ಆಡುತ್ತಿದ್ದಳು. ಅವಳ ರಟ್ಟಿಗೆ ಉದ್ದನೆಯ ಬಾಗಿದ ಮೂಗು, ಚಪ್ಪಟೆ ನೆತ್ತಿ. ಹಿಂದಿನವನ ಮೂಗು ಮುಂದಿನವನ ತಲೆಯ ಹಿಂಭಾಗಕ್ಕೆ ಕೂದಲೆಳೆಯಷ್ಟೂ ಸಂದಿಯಿಲ್ಲದೆ ಹೊಂದಿಕೊಂಡಿತ್ತು.

"ಇದೇನವಾ?" ಎಂದೆ.

"ಬೇಕಂತ ಮಾಡಲಿಲ್ಲಂಡಿ. ಕತ್ತರಿಸಿದೆ, ಸಾರ್ ಬಂದುಬಿಟ್ರು."

ಹೌದು, ರಟ್ಟಿನಲ್ಲಿ ಪ್ರಿನ್ಸಿಪಾಲರೇ ಬಂದಿದ್ದರು, ಅದೇ ಮೂಗು, ಅದೇ ನೆತ್ತಿ. ಚಿತ್ರಕಲೆಯ ಮೇಷ್ಟ್ರು ರಟ್ಟನ್ನು ದೂರ ಹಿಡಿದು ನೋಡಿದರು. "ಬಾತುಕೋಳಿ," ಎಂದರು. ಇಡೀ ತರಗತಿ ಒಪ್ಪಿಕೊಂಡಿತು. ಬೇರೆ ಯಾವುದೂ ಕೂರದಿದ್ದುದರಿಂದ ಸ್ಟಾಫ್‌ರೂಮಿನ ಬಾಗಿಲ ಪಕ್ಕದ ಗೋಡೆಯ ತುಂಬ ಬಾತುಕೋಳಿಯನ್ನೇ ಬರೆದೆವು.

ಅಧಿಕಾರಿ ಬಂದ ದಿನ ಪ್ರಿನ್ಸಿಪಾಲರು ಅವರನ್ನು ಆ ಗೋಡೆಗೇ ಕರೆತಂದರು. ಅವರೂ ಅದನ್ನು ಪೂರ್ತಿಯಾಗಿ ಕಂಡದ್ದು ಆಗಲೇ. ಅಧಿಕಾರಿ ಗೋಡೆ ನೋಡಿದರು, ಪ್ರಿನ್ಸಿಪಾಲರನ್ನು ನೋಡಿದರು, ಮತ್ತೆ ಗೋಡೆ ನೋಡಿದರು.

"ಇವು ಏನು?"

"ಬಾತುಕೋಳಿ ಸಾರ್," ಎಂದರು ಚಿತ್ರಕಲೆಯ ಮೇಷ್ಟ್ರು.

ಹುಡುಗಿ ರಟ್ಟು ಹಿಡಿದು ವಿವರಿಸಿದಳು. ಕತ್ತರಿಸಿದರೂ ವಿಸ್ತೀರ್ಣ ಏಕೆ ಬದಲಾಗುವುದಿಲ್ಲ, ಸಂದಿ ಏಕೆ ಬೀಳುವುದಿಲ್ಲ ಎಂದು, ತಡವರಿಸದೆ, ಪ್ರಿನ್ಸಿಪಾಲರ ಕಡೆ ಒಮ್ಮೆಯೂ ನೋಡದೆ. ಅಧಿಕಾರಿ ಬಹಳ ಚೆನ್ನಾಗಿದೆ ಎಂದು ಹೇಳಿ ಹೋದರು.

ಮರುದಿನ ನನಗೂ ಹುಡುಗಿಗೂ ಪ್ರಿನ್ಸಿಪಾಲರ ಕೋಣೆಯಿಂದ ಕರೆ ಬಂತು. ಗೋಡೆಗೆ ಸುಣ್ಣ ಹೊಡೆಸುತ್ತಾರೆ ಎಂದುಕೊಂಡೇ ಹೋದೆ. ಹುಡುಗಿ ರಟ್ಟನ್ನೂ ತಂದಿದ್ದಳು.

"ಎಲ್ಲವೂ ಸ್ಟಾಫ್‌ರೂಮಿನ ಕಡೆಗೇ ನೋಡುತ್ತಿವೆ," ಎಂದರು ಅವರು ತೆಲುಗಿನಲ್ಲಿ. "ಟೀಚರುಗಳು ಸಂಕೋಚ ಪಡುತ್ತಿದ್ದಾರೆ. ಒಂದು ಸಾಲನ್ನಾದರೂ ಆ ಕಡೆ ತಿರುಗಿಸಲು ಆಗುತ್ತದಾ?"

ಹುಡುಗಿ ಸ್ವಲ್ಪ ಯೋಚಿಸಿದಳು. "ಆಗುತ್ತೆ ಸಾರ್. ಮೇಲೂ ಕೆಳಗೂ ಗೆರೆ ನೇರವಾಗಿದೆ. ರಟ್ಟು ಮಗುಚಿದರೆ ಸಾಕು."

"ನೆತ್ತಿ ಚಪ್ಪಟೆ ಇರುವುದರಿಂದ."

"ಹೌದು ಸಾರ್."

ಅವರು ಎದ್ದು ನಮ್ಮ ಜೊತೆ ಬಂದರು. ತಿರುಗಿಸಬೇಕಾದ ಮೇಲಿನ ಸಾಲು ಹುಡುಗಿಗೆ ಎಟುಕಲಿಲ್ಲ. ಪ್ರಿನ್ಸಿಪಾಲರೇ ರಟ್ಟನ್ನು ಎರಡೂ ಕೈಯಲ್ಲಿ ಗೋಡೆಗೆ ಒತ್ತಿ ಹಿಡಿದರು. ಅವಳು ಸ್ಟೂಲು ಹತ್ತಿ, ಮೂಗಿನ ಸುತ್ತ ಪೆನ್ಸಿಲ್ ಎಳೆಯತೊಡಗಿದಳು.

"ಅಲ್ಲಾಡಿಸಬೇಡಿ ಸಾರ್," ಎಂದಳು.

"ಇಲ್ಲಮ್ಮ," ಎಂದರು ಅವರು.