ತಾತ ಸುಳ್ಳಾಡಿದ ಮಧ್ಯಾಹ್ನ

ನಮ್ಮ ತಾತ ಎಮ್ಮೆಲ್ಲೆ ಆಗಿದ್ದ ಆ ಕಾಲದಲ್ಲಿ ಮಧುಗಿರಿಯ ಮನೆಯಲ್ಲಿ ನಾವು ಹಲ್ಲುಜ್ಜುವ ಮೊದಲೇ ಅರ್ಜಿ ಹಿಡಿದವರು ಜಗಲಿಯಲ್ಲಿ ತುಂಬಿರುತ್ತಿದ್ದರು. ಹುಣಸೆಬೀಜದ ಚೌಕಾಬಾರ ಆಡಲು ಮಕ್ಕಳಿಗೆ ಉಳಿಯುತ್ತಿದ್ದುದು ಹಿತ್ತಿಲು ಮಾತ್ರ. ತಾತ ಮೊದಲು ಸಿಪಾಯಿ, ಗಡಿಯಿಂದ ಬಂದ ಮೇಲೆ ಕಾನೂನು ಓದಿ ಲಾಯರು, ಆಮೇಲೆ ಶಾಸಕ. ಇಷ್ಟೆಲ್ಲ ಆಗಿಯೂ ಒಂದು ಸುಳ್ಳು ಹೇಳೋಕೆ ಬರದ ಪೆದ್ದ ಎಂದು ಅಜ್ಜಿ ಅಣಕಿಸುತ್ತಿದ್ದಳು.

ಒಂದು ಬೇಸಿಗೆ ರಜೆಯಲ್ಲಿ ತಾತ ನನ್ನನ್ನು ಕಳ್ಳಂಬೆಳ್ಳದ ಕಡೆಯ ಹಳ್ಳಿಯೊಂದಕ್ಕೆ ಕರೆದೊಯ್ದರು. ಯುದ್ಧದಲ್ಲಿ ಸತ್ತ ಅವರ ಜೊತೆಗಾರ ನಂಜಪ್ಪನ ಹೆಸರು ಕೆತ್ತಿ, ಬಟ್ಟೆ ಹೊದಿಸಿಟ್ಟ ಕಲ್ಲನ್ನು ಅಂದು ಅವರು ಅನಾವರಣ ಮಾಡಬೇಕಿತ್ತು. ನಂಜಪ್ಪ ಪ್ರಾಣ ಬಿಟ್ಟಿದ್ದು ತಾತನ ತೊಡೆಯ ಮೇಲೆ. ಅದನ್ನು ಮನೆಯಲ್ಲಿ ಎಷ್ಟೋ ಸಲ ಹೇಳಿದ್ದರು. ಊರಿಗೆ ತಂತಿ ಬಂದಿತ್ತು, ದೇಹ ಬಂದಿರಲಿಲ್ಲ.

ಸಮಾರಂಭಕ್ಕೆ ಮೊದಲು ನಂಜಪ್ಪನ ತಾಯಿ ನಮ್ಮನ್ನು ಊಟಕ್ಕೆ ಕರೆದಳು. ನಡುಮಧ್ಯಾಹ್ನ, ಕೆರೆ ಏರಿಯ ಮೇಲೆ ಒಂದು ನರಪಿಳ್ಳೆಯೂ ಇಲ್ಲ. ಒಳಗೆ ಹುರುಳಿ ಸಾರಿನ ಘಮ. ಉಣ್ಣುವವರು ನಾವಿಬ್ಬರು, ಮುದುಕಿ ಹಾಕಿದ್ದು ಮೂರು ಎಲೆ. ಮೂರನೆಯದಕ್ಕೂ ಬಿಸಿ ಮುದ್ದೆ ಇಟ್ಟಳು.

“ಈ ವೊತ್ತಿಗೇ ಉಣ್ತಿದ್ದ. ಬಂದ್ರೆ ಹಸ್ಕೊಂಡಿರ್ತಾನೆ ಕಣಪ್ಪ,” ಎಂದಳು. ಆಮೇಲೆ ತಾತನನ್ನೇ ದಿಟ್ಟಿಸಿದಳು. “ಲಾಯರಪ್ಪ, ನನ್ಮಗ ಸತ್ತಿದ್ನ ನೀನು ಕಣ್ಣಾರೆ ನೋಡಿದ್ಯಾ? ನೋಡಿದ್ರೆ ಯೋಳ್ಬುಡು. ನಾಳಿಂದ ಎಲೆ ಹಾಕಾಕಿಲ್ಲ.”

ವಿಧಾನಸಭೆಯಲ್ಲಿ ಗುಡುಗುತ್ತಿದ್ದ ತಾತ ನೀರು ಕುಡಿದರು.

“ಇಲ್ಲ ಕಣವ್ವ, ನೋಡ್ಲಿಲ್ಲ.”

“ಅಂಗಾದ್ರೆ ಕಲ್ಲು ಬ್ಯಾಡ ಬುಡು.” ಅವಳ ಮುಖ ಅರಳಿತು. ಮೂರನೆಯ ಎಲೆಯತ್ತ ತಿರುಗಿ, “ಕೇಳುಸ್ತೇನ್ಲಾ? ನಿಧಾನಕ್ಕೆ ಉಣ್ಣು,” ಎಂದಳು.

ಏಳುವಾಗ ನೋಡಿದರೆ ಆ ಮುದ್ದೆ ಒಂದು ತುತ್ತಿನಷ್ಟು ಮುರಿದಿತ್ತು. ಬೆಕ್ಕಿನ ಕೆಲಸವಿರಬೇಕು ಎಂದು ಆಗಲೂ ಅಂದುಕೊಂಡೆ, ಈಗಲೂ ಅಂದುಕೊಳ್ಳುತ್ತೇನೆ.

ತಾತ ಕಲ್ಲಿನ ಬಟ್ಟೆ ತೆಗೆಯಲಿಲ್ಲ. ಕಾದಿದ್ದವರು ಗೊಣಗಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಜೀಪಿನ ಬಾಗಿಲು ತೆರೆದು ಹಿಡಿದು, ಯಾರೋ ಹತ್ತಲೆಂದು ಕಾಯುವಂತೆ ಸ್ವಲ್ಪ ಹೊತ್ತು ನಿಂತರು. ಆಮೇಲೆ ನನಗೆ, “ಒಸಿ ಜರುಗು ಪುಟ್ಟಿ,” ಎಂದರು. ಜರುಗಿದೆ. ನಮ್ಮಿಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟೇ ಕೂತರು. ಮಧುಗಿರಿ ಬೆಟ್ಟ ಕಾಣುವವರೆಗೂ ಆ ಕಡೆ ನೋಡಲು ನನಗೆ ಧೈರ್ಯ ಬರಲಿಲ್ಲ.

ಮುದುಕಿ ಹೋಗಿ, ತಾತನೂ ಹೋಗಿ ಬಹಳ ವರ್ಷವಾಯಿತು. ಮೊನ್ನೆ ಆ ದಾರಿಯಲ್ಲಿ ಕಾರಿನಲ್ಲಿ ಬರುವಾಗ ಕಲ್ಲು ಕಂಡಿತು. ಬಟ್ಟೆ ಯಾವಾಗಲೋ ಹರಿದುಹೋಗಿ ನಂಜಪ್ಪನ ಹೆಸರು ಬಿಸಿಲಿಗೆ ಬಿದ್ದಿತ್ತು. ಹಿಂದಿನ ಸೀಟಿನಲ್ಲಿದ್ದ ನಾನು ಅಂದಿನಂತೆ ಅಂಚಿಗೆ ಜರುಗಿ ಕೂತೆ. ಎಷ್ಟು ದೂರ ಬಂದರೂ ಪಕ್ಕದಲ್ಲಿ ಯಾರೂ ಇದ್ದಂತೆ ಅನ್ನಿಸಲಿಲ್ಲ. ಅಳು ಬಂತು.